ಕಬ್ಬಿನಿಂದ ಮಾಡಿದ್ದು ಅಂದರೆ ಮಣ್ಣಲ್ಲಿ ಕೊಳೆಯುತ್ತದೆ ಅಂತ ಅಲ್ಲ

ಶಾಂಪೂ ಬಾಟಲಿ, ಜ್ಯೂಸ್ ಲೋಟ, ಕ್ಯಾರಿಬ್ಯಾಗು, ಮಕ್ಕಳ ಆಟಿಕೆ ಎಲ್ಲದರ ಮೇಲೂ ಈಗ ಒಂದು ಹಸಿರು ಎಲೆ, ಅದರ ಕೆಳಗೆ ‘ಸಸ್ಯದಿಂದ ತಯಾರಿಸಿದ್ದು’ ಅನ್ನುವ ಸಾಲು. ಓದಿದವರು ಇದು ಬಾಳೆ ಎಲೆಯ ಹಾಗೆ ತಾನೇ ಕೊಳೆಯುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ ನೋಡ್ರಿ. ಯಾವುದರಿಂದ ಮಾಡಿದ್ದು ಅನ್ನುವುದು ಒಂದು ಪ್ರಶ್ನೆ, ಬಳಸಿ ಬಿಸಾಡಿದ ಮೇಲೆ ಏನಾಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಕಂಪನಿಗಳು ಮೊದಲನೆಯದಕ್ಕೆ ಉತ್ತರ ಕೊಟ್ಟು, ಎರಡನೆಯದಕ್ಕೂ ಕೊಟ್ಟ ಹಾಗೆ ತೋರಿಸುತ್ತಿವೆ. ಕಲಬುರಗಿ, ಬೀದರ, ಯಾದಗಿರಿಯಂಥ ಬಿಸಿಲು ನಾಡಿನಲ್ಲಿ ಈ ಗೊಂದಲದಿಂದ ಆಗುವ ನಷ್ಟ ಇನ್ನೂ ಹೆಚ್ಚು.

ಮೊದಲು ನಿಜಕ್ಕೂ ಒಪ್ಪಬಹುದಾದದ್ದನ್ನು ಹೇಳುತ್ತೇವೆ. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥನಾಲ್‌ನಿಂದ ಪಾಲಿಥೀನ್ ಮಾಡುತ್ತಿದೆ. ಎಥನಾಲ್‌ನ ಅಣುವಿನಿಂದಲೇ ನೀರಿನ ಅಂಶ ತೆಗೆದರೆ ಎಥಿಲೀನ್ ಅನಿಲ, ಅದರ ಅಣುಗಳನ್ನು ಸರಪಳಿಯ ಹಾಗೆ ಜೋಡಿಸಿದರೆ ಪಾಲಿಥೀನ್. ಲೆಗೊ ಆಟಿಕೆಯವರು 2018ರಿಂದ ಗಿಡ, ಎಲೆ, ಪೊದೆಯ ತುಣುಕುಗಳನ್ನು ಇದರಲ್ಲೇ ಮಾಡುತ್ತಾರೆ. ಪೆಟ್ರೋಲಿಯಂ ಪಾಲಿಥೀನ್‌ಗೂ ಇದಕ್ಕೂ ಗುಣದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ, ಆದ್ದರಿಂದ ನೂರು ವರ್ಷ ಹೂತಿಟ್ಟರೂ ಕೊಳೆಯುವುದಿಲ್ಲ. ಗುಜರಿಯವರು ಮಾಮೂಲಿ ಎಚ್‌ಡಿಪಿಇ (ಗಟ್ಟಿ ಜಾತಿಯ ಪಾಲಿಥೀನ್) ಜೊತೆ ಸೇರಿಸಿ ಕರಗಿಸಬಹುದು, ಏನೂ ಕೆಡುವುದಿಲ್ಲ. ಹತ್ತಿಪ್ಪತ್ತು ವರ್ಷ ಬಾಳುವ ಕೊಡ, ಡಬ್ಬಿ, ಆಟಿಕೆಗೆ ಇದು ಒಳ್ಳೆಯ ವಸ್ತು. ಕೊಕಾ-ಕೋಲಾ 2009ರಲ್ಲಿ ತಂದ ಪ್ಲಾಂಟ್‌ಬಾಟಲ್ ಕೂಡ ಹೀಗೇ ಸಸ್ಯದಿಂದ ಬಂದರೂ ಕೊಳೆಯದ ಜಾತಿ, ಆದರೆ ಅದರಲ್ಲಿ ಸಸ್ಯಮೂಲ ಇರುವುದು ಹೆಚ್ಚೆಂದರೆ 30 ಪ್ರತಿಶತ. ಆ ಬಾಟಲಿಯ ಪ್ಲಾಸ್ಟಿಕ್ಕಿಗೆ ಪಿಇಟಿ ಅನ್ನುತ್ತಾರೆ, ನೀರಿನ ಬಾಟಲಿಯದೂ ಅದೇ. ಅದರ ತೂಕದಲ್ಲಿ ಸಸ್ಯದಿಂದ ಬರುವ ಗ್ಲೈಕಾಲ್ ಭಾಗ ಅಷ್ಟೇ, ಉಳಿದ ಆಮ್ಲದ ಭಾಗ ಪೆಟ್ರೋಲಿಯಂನದು.

ಕ್ಯಾರಿಬ್ಯಾಗಿನ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ‘ಕಂಪೋಸ್ಟಬಲ್’ (ಕೊಳೆತು ಗೊಬ್ಬರವಾಗುವಂಥದ್ದು) ಅಂತ ಮಾರುವ ಮೆತ್ತನೆಯ ಬ್ಯಾಗುಗಳಲ್ಲಿ ಹೆಚ್ಚಿನವು ಪಿಬಿಎಟಿ ಅನ್ನುವ ಪ್ಲಾಸ್ಟಿಕ್ಕಿಗೆ ಸ್ಟಾರ್ಚ್ ಅಥವಾ ಪಿಎಲ್ಎ (ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್, ಮುಂದೆ ಹೇಳುತ್ತೇವೆ) ಬೆರೆಸಿ ಮಾಡಿದಂಥವು, ಆ ಪಿಬಿಎಟಿ ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ. ಅಂದರೆ ಕಬ್ಬಿನಿಂದ ಬಂದ ಪಾಲಿಥೀನ್ ಕೊಳೆಯುವುದಿಲ್ಲ, ಕೊಳೆಯುವ ಬ್ಯಾಗಿನಲ್ಲಿ ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು! ಇನ್ನೊಂದು ಮಾತು. ಕೇಂದ್ರದ ನಿಯಮದ ಪ್ರಕಾರ ಸಾಧಾರಣ ಪ್ಲಾಸ್ಟಿಕ್ ಬ್ಯಾಗು 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳ್ಳಗೆ ಇರುವಂತಿಲ್ಲ, ಕಂಪೋಸ್ಟಬಲ್ ಬ್ಯಾಗಿಗೆ ಮಾತ್ರ ಈ ದಪ್ಪದ ನಿಯಮ ಇಲ್ಲ. ಹಾಗಾಗಿ ತೆಳ್ಳನೆಯ ಪಾಲಿಥೀನ್ ಮೇಲೆ ಹಸಿರು ಅಕ್ಷರ ಅಚ್ಚು ಹಾಕಿ ಮಾರುವುದು ಸಲೀಸು. ಬ್ಯಾಗಿನ ಮೇಲೆ ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ, ಕಂಪೋಸ್ಟಬಲ್ ಪ್ಲಾಸ್ಟಿಕ್ಕಿನ ಮಾನಕವಾದ ಐಎಸ್/ಐಎಸ್ಒ 17088 ಮೂರೂ ಇವೆಯೇ ನೋಡ್ರಿ. ಒಂದು ಇಲ್ಲದಿದ್ದರೂ ಬಂಡಲ್ ವಾಪಸ್ ಕಳಿಸಿ. ಅಸಲಿ ಬ್ಯಾಗಾದರೂ ಆರು ತಿಂಗಳಿಗಾಗುವಷ್ಟು ಒಟ್ಟಿಗೆ ಖರೀದಿಸಬೇಡಿ. ಸೆಕೆ ಮತ್ತು ತೇವಕ್ಕೆ ಅದರ ಸರಪಳಿ ತುಂಡಾಗುತ್ತಾ ಹೋಗುತ್ತದೆ, ಹಳೆಯ ಬ್ಯಾಗಿಗೆ ಎರಡು ಕಿಲೊ ತೊಗರಿಬೇಳೆ ಹಾಕಿದರೆ ತಳ ಬಿಚ್ಚಿಕೊಳ್ಳುತ್ತದೆ.

ಇನ್ನು ಪಿಎಲ್ಎ. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದನ್ನು ಜೋಡಿಸಿದ ಪ್ಲಾಸ್ಟಿಕ್. ಗಾಜಿನಂತೆ ಕಾಣುವ ‘ಬಯೋ’ ಲೋಟ ಸಾಮಾನ್ಯವಾಗಿ ಇದೇ. ಇದು 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ನೆರಳಲ್ಲೇ 42-43 ಡಿಗ್ರಿ ಇರುವಾಗ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಟೆಂಪೊ, ಪತ್ರಾಸ್ ಶೆಡ್ಡಿನ ಅಟ್ಟ ಈ ಶಾಖವನ್ನು ಮುಟ್ಟುವುದು ಕಷ್ಟವಲ್ಲ. ಆಗ ಒಂದರೊಳಗೊಂದು ಇಟ್ಟ ಲೋಟಗಳು ಅಂಟಿಕೊಳ್ಳುತ್ತವೆ, ಬಾಯಿ ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ, ಪೆಟ್ಟಿಗೆ ಪೆಟ್ಟಿಗೆಯೇ ದಂಡ. ಸರಕನ್ನು ರಾತ್ರಿ ಹೊತ್ತಿನಲ್ಲಿ ತರಿಸಿ, 40 ಡಿಗ್ರಿ ದಾಟದ ಒಳಕೋಣೆಯಲ್ಲಿ ನೆಲದ ಹತ್ತಿರ ಇಡಿ, ಮೇಲೆ ಭಾರ ಹೇರಬೇಡಿ. ಕಬ್ಬಿನ ಹಾಲು, ಮಜ್ಜಿಗೆ ಕೊಡಲು ಈ ಲೋಟ ಸರಿ. ಚಹಾ, ಬಿಸಿ ಸಾರಿಗೆ ಬೇಡವೇ ಬೇಡ. ಒಳಗೆ ಪಿಎಲ್ಎ ಲೇಪ ಇರುವ ಕಾಗದದ ಕಪ್ಪು ಚಹಾಕ್ಕೆ ನಡೆಯುತ್ತದೆ, ಆಕಾರ ಹಿಡಿದಿಡುವುದು ಕಾಗದ.

ಈ ಲೋಟ ನೀರಿನ ಬಾಟಲಿಗಳ ಜೊತೆ ಗುಜರಿಗೆ ಹೋಗುವುದೇ ನಮ್ಮ ದೊಡ್ಡ ಚಿಂತೆ. ಪಿಇಟಿ ಕರಗಿಸುವುದು 260 ಡಿಗ್ರಿಯ ಮೇಲೆ, ಪಿಎಲ್ಎ ಕರಗುವುದು 150-180ಕ್ಕೆ. ಪಿಇಟಿ ಚೂರನ್ನು ಒಣಗಿಸುವ ಹಂತದಲ್ಲೇ ಪಿಎಲ್ಎ ಅಂಟಾಗಿ ಗಂಟು ಕಟ್ಟುತ್ತದೆ, ಮುಂದೆ ಹಳದಿ ಬಣ್ಣ, ಮಬ್ಬು. ಕಣ್ಣಿಗೆ ಎರಡೂ ಒಂದೇ ಥರ, ನೀರಿಗೆ ಹಾಕಿದರೆ ಎರಡೂ ಮುಳುಗುತ್ತವೆ. ಗುರುತಿಸಲು ಸಕ್ಕರೆ ಪಾಕ ಸಾಕು. 600 ಗ್ರಾಂ ಸಕ್ಕರೆಯನ್ನು 400 ಮಿಲಿ ಬಿಸಿ ನೀರಲ್ಲಿ ಕರಗಿಸಿ ಪೂರ್ತಿ ಆರಲು ಬಿಡಿ, ಸಾಂದ್ರತೆ (ನೀರಿನದು 1 ಅಂದರೆ) ಸುಮಾರು 1.28 ಬರುತ್ತದೆ. ಪಿಎಲ್ಎ 1.24, ತೇಲುತ್ತದೆ. ಪಿಇಟಿ 1.33ಕ್ಕಿಂತ ಹೆಚ್ಚು, ಮುಳುಗುತ್ತದೆ. ಉಗುರಿನಷ್ಟು ಚೂರು ಕತ್ತರಿಸಿ, ಗುಳ್ಳೆ ಹಿಡಿಯದಂತೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಕಡ್ಡಿಯಿಂದ ಅದುಮಿ ಎರಡು ನಿಮಿಷ ಕಾಯಿರಿ, ಪಾಕ ದಪ್ಪ ಇರುವುದರಿಂದ ಅವಸರ ಮಾಡಿದರೆ ತಪ್ಪು ಉತ್ತರ ಸಿಗುತ್ತದೆ. ಪಾಲಿಸ್ಟೈರೀನ್ ಲೋಟವೂ ಈ ಪಾಕದಲ್ಲಿ ತೇಲುತ್ತದೆ. ಅದಕ್ಕೇ ಮೊದಲು ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ ನೋಡಬೇಕು. ಉಪ್ಪುನೀರಲ್ಲೇ ತೇಲಿದರೆ ಅದು ಪಿಎಲ್ಎ ಅಲ್ಲ. ಬಿಳಿ ಚಮಚ, ಬಣ್ಣದ ಮುಚ್ಚಳಕ್ಕೆ ಈ ಪರೀಕ್ಷೆ ನಂಬಬೇಡಿ, ಅವುಗಳಲ್ಲಿ ಸುಣ್ಣದಕಲ್ಲಿನ ಅಥವಾ ಟಾಲ್ಕ್ ಪುಡಿ ಬೆರೆತಿದ್ದರೆ ಸಾಂದ್ರತೆ ಬದಲಾಗುತ್ತದೆ.

ನಮ್ಮಲ್ಲೂ ಕಬ್ಬು ಬೆಳೆಯುತ್ತದಲ್ಲ, ಪ್ಲಾಸ್ಟಿಕ್ಕನ್ನೂ ಇಲ್ಲೇ ಮಾಡಬಹುದಲ್ಲ ಅನ್ನುವವರಿಗೆ ಒಂದು ಲೆಕ್ಕ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಎಥನಾಲ್, ಅದರಿಂದ 30 ಕಿಲೊ ಆಸುಪಾಸು ಪಾಲಿಥೀನ್. ಒಂದು ಕಿಲೊ ಪಿಎಲ್ಎಗೆ ಸುಮಾರು 1.6 ಕಿಲೊ ಸಕ್ಕರೆ ಬೇಕು. ಕಬ್ಬಿಗೆ ಬೇಕಾದ ನೀರು 1500ರಿಂದ 2500 ಮಿಮೀ, ಕಲಬುರಗಿಯ ವರ್ಷದ ಮಳೆ ಹೆಚ್ಚೆಂದರೆ ಅದರ ಅರ್ಧದ ಆಸುಪಾಸು. ತೊಗರಿ ಮಳೆಯಲ್ಲೇ ಬರುತ್ತದೆ, ಕಬ್ಬಿಗೆ ಭೀಮೆ, ಕಾರಂಜಾ ನದಿಯ ನೀರು ಅಥವಾ ಬೋರ್‌ವೆಲ್ ಬೇಕು. ಬಿಸಾಡುವ ಲೋಟಕ್ಕಾಗಿ ತೊಗರಿ ಹೊಲ ಕಬ್ಬಿಗೆ ತಿರುಗುವುದನ್ನು ನಾವು ಒಪ್ಪುವುದಿಲ್ಲ. ಆಳಂದ, ಅಫಜಲಪುರ, ಭಾಲ್ಕಿಯ ಕಡೆ ಈಗಾಗಲೇ ನುರಿಯುವ ಕಬ್ಬಿನ ಕಾಕಂಬಿ, ಸಿಪ್ಪೆಯಿಂದ ಮಾಡುವುದಾದರೆ ಮಾಡಲಿ. ಸಿಪ್ಪೆಯ ತಟ್ಟೆ ಕೊಳ್ಳುವಾಗ ಒಂದು ಹನಿ ಕುಸುಬಿ ಎಣ್ಣೆ ಹಾಕಿ ನೋಡ್ರಿ. ಹರಡದೆ ಮುತ್ತಿನಂತೆ ಗುಂಡಗೆ ನಿಂತರೆ ಫ್ಲೋರಿನ್ ಇರುವ ರಾಸಾಯನಿಕ ಸೇರಿಸಿರಬಹುದು, ಮಾರುವವರನ್ನು ಕೇಳಿ.

ಕಂಪೋಸ್ಟಬಲ್ ಸಾಮಾನು ಕೊಳೆಯಬೇಕಾದರೆ 58 ಡಿಗ್ರಿ ಶಾಖ ವಾರಗಟ್ಟಲೆ ಇರಬೇಕು, 17088ರ ಪರೀಕ್ಷೆ ನಡೆಯುವುದೇ ಆ ಶಾಖದಲ್ಲಿ. ಹಿತ್ತಲಿನ ತಿಪ್ಪೆಗುಂಡಿಯಲ್ಲಿ ಅಷ್ಟು ಶಾಖ ನಿಲ್ಲುವುದಿಲ್ಲ, ಪಿಎಲ್ಎ ಲೋಟ ವರ್ಷಗಟ್ಟಲೆ ಹಾಗೇ ಇರುತ್ತದೆ. ಅಪಾರ್ಟ್‌ಮೆಂಟು, ಹಾಸ್ಟೆಲ್ಲು, ಕಲ್ಯಾಣ ಮಂಟಪದವರು ರಾಶಿ ಹಾಕುವುದಾದರೆ ಎತ್ತರ ಒಂದೂವರೆ ಮೀಟರ್, ಅಗಲ ಎರಡು ಮೀಟರ್ ಇರಲಿ, ಚಿಕ್ಕ ರಾಶಿ ಕಾವು ಹಿಡಿಯುವುದಿಲ್ಲ. ತೊಗರಿ ಕಟ್ಟಿಗೆಯನ್ನು 2ರಿಂದ 5 ಸೆಂಟಿಮೀಟರ್ ಚೂರು ಮಾಡಿ, ಗಾತ್ರದಲ್ಲಿ ಅದು ಎರಡು ಪಾಲು, ಅಡುಗೆಮನೆಯ ಹಸಿ ಕಸ ಒಂದು ಪಾಲು. ಕಟ್ಟಿಗೆ ಉದ್ದ ಇದ್ದರೆ ಗಾಳಿ ನುಗ್ಗಿ ಕಾವು ಹೊರಹೋಗುತ್ತದೆ. ಲೋಟ, ಬ್ಯಾಗುಗಳನ್ನು ಹರಿದು ರಾಶಿಯ ನಡುಮಧ್ಯೆ ಸೇರಿಸಬೇಕು, ಅಂಚಿನಲ್ಲಿ ಬಿದ್ದದ್ದು ಕೊಳೆಯುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ನಮ್ಮ ಒಣಗಾಳಿಗೆ ಎರಡೇ ದಿನದಲ್ಲಿ ಮೇಲ್ಪದರ ಆರಿಹೋಗುತ್ತದೆ, ಒದ್ದೆ ಗೋಣಿಚೀಲ ಹೊದಿಸಿ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡುತ್ತಿರಿ. 65 ದಾಟಿದರೂ, 50ಕ್ಕೆ ಇಳಿದರೂ ತಿರುವಿ ಹಾಕಬೇಕು. ಹನ್ನೆರಡು ವಾರ ಆದ ಮೇಲೆ ಜರಡಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಪ್ಲಾಸ್ಟಿಕ್ ಚೂರು ಹೊಲಕ್ಕೆ ಬೇಡ, ಮುಂದಿನ ರಾಶಿಯ ನಡುವೆ ಹಾಕಿ. ಎರಡನೆಯ ಸಲವೂ ಅದೇ ಚೂರು ಹಾಗೇ ಹೊರಬಂದರೆ, ಬ್ಯಾಗು ಮಾರಿದವರ ಮುಂದೆ ಅದನ್ನೇ ಒಯ್ದು ಇಡಿ.