ಸತ್ಯಾಂಶ: ಟ್ರೇಲರ್ ಓಲಾಡಿದರೆ ವೇಗ ಹೆಚ್ಚಿಸಬೇಕೇ?

ಅಮೆರಿಕದಲ್ಲಿರುವ ನಮ್ಮವರ ನಡುವೆ ಓಡಾಡುವ ಒಂದು ಫಾರ್ವರ್ಡ್ ಹೀಗಿದೆ: "ಕಾರಿನ ಹಿಂದೆ ಕಟ್ಟಿದ ಟ್ರೇಲರ್ ಓಲಾಡತೊಡಗಿದರೆ ಆಕ್ಸಿಲರೇಟರ್ ಒತ್ತಿ, ತಾನಾಗಿ ನೇರವಾಗುತ್ತದೆ." ದಯವಿಟ್ಟು ಇದನ್ನು ನಂಬಬೇಡಿ.

ವೇಗ ಹೆಚ್ಚಿದಷ್ಟೂ ಓಲಾಟ ಬೆಳೆಯುತ್ತದೆ. ಮಿತಿ ಮೀರಿದರೆ ಟ್ರೇಲರೇ ಕಾರನ್ನು ಅಡ್ಡ ತಿರುಗಿಸಿಬಿಡಬಹುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರವಾಗಿ ಹಿಡಿದುಕೊಳ್ಳಿ, ವೇಗ ತಾನಾಗಿ ಇಳಿಯಲಿ. ಬ್ರೇಕನ್ನು ಜೋರಾಗಿ ತುಳಿಯಬೇಡಿ.

ನಿಜವಾದ ಎಚ್ಚರ ಬೇಕಿರುವುದು ಸಾಮಾನು ತುಂಬುವಾಗ. ಓಲಾಟದ ದೊಡ್ಡ ಕಾರಣ ಹಿಂಭಾರ. ಎತ್ತಿನಗಾಡಿ ಹೂಡಿದವರಿಗೆ ಇದು ಗೊತ್ತು: ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ. ಟ್ರೇಲರ್‌ನಲ್ಲೂ ಅಷ್ಟೆ, ಕಾರಿನ ಹಿಂಬದಿ ಹಗುರಾಗಿ ಹಿಂಚಕ್ರಗಳ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಶೇ 60ರಷ್ಟು ಭಾರ ಮುಂದಿನ ಅರ್ಧದಲ್ಲಿರಲಿ. ಅಮೆರಿಕದ ರೂಢಿಯಂತೆ ಕಾರಿಗೆ ಟ್ರೇಲರ್ ಜೋಡಿಸುವ ಕೊಂಡಿಯ ಮೇಲೆ ಒಟ್ಟು ತೂಕದ ಶೇ 10ರಿಂದ 15 ಬೀಳಬೇಕು. ತುಂಬಿದ ಟ್ರೇಲರ್ 400 ಕೆಜಿ ಇದ್ದರೆ 40ರಿಂದ 60 ಕೆಜಿ.

ಅದಕ್ಕೂ ಮೊದಲು ಕಾರಿನ ಕೈಪಿಡಿ ತೆರೆಯಿರಿ. ಕೆಲವು ಸೆಡಾನ್‌ಗಳಲ್ಲಿ ಟ್ರೇಲರ್ ಎಳೆಯಲೇಬಾರದು ಎಂದಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವ ಕಾರಿಗೆ ವೇಗಮಿತಿ ಗಂಟೆಗೆ 55 ಮೈಲಿ, ಪಕ್ಕದವರು ಎಷ್ಟೇ ವೇಗವಾಗಿ ಹೋಗಲಿ.