ಕೋರ್ಟ್ ಬದಲಿಸಿ ಎಂದು ಕೇಳುವುದು ಬರೀ ನೆಪ ಅಲ್ಲ
ದಿವಾಳಿ ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಿ ಎಂದು ಕೇಳುವುದು ಸುಮ್ನೆ ಕಾಲ ತಳ್ಳುವ ಆಟ ಎಂದು ಬರೆದಿದ್ದೀರಿ. ಯಾವಾಗಲೂ ಹಾಗಲ್ಲ. ಅಮೆರಿಕದ ಪೇಟ್ರಿಯಟ್ ಕೋಲ್ ಕಂಪನಿಯನ್ನೇ ನೋಡಿ. ಮುಖ್ಯ ಕಚೇರಿ ಸೇಂಟ್ ಲೂಯಿಸ್‌ನಲ್ಲಿ, ಗಣಿಗಳು ವೆಸ್ಟ್ ವರ್ಜೀನಿಯಾ, ಕೆಂಟಕಿ ಕಡೆ ಇದ್ದವು. 2012ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿದ್ದು ಮಾತ್ರ ನ್ಯೂಯಾರ್ಕ್‌ನಲ್ಲಿ! ಅಲ್ಲಿನ ನಂಟು ತೋರಿಸಲೆಂದೇ ಕೆಲವೇ ವಾರ ಮೊದಲು ಅಂಗಸಂಸ್ಥೆ ಹುಟ್ಟುಹಾಕಿದ್ದರು. ಇದು ಆಟ ಅಲ್ವಾ? ಗಣಿ ಕಾರ್ಮಿಕರ ಸಂಘ ವರ್ಗಾವಣೆ ಕೇಳಿತು. ನವೆಂಬರ್‌ನಲ್ಲಿ ನ್ಯಾಯಾಧೀಶರು ಒಪ್ಪಿದರು. ಆದರೆ ಸಂಘ ಬಯಸಿದ ವೆಸ್ಟ್ ವರ್ಜೀನಿಯಾಕ್ಕಲ್ಲ, ಸೇಂಟ್ ಲೂಯಿಸ್‌ಗೆ ಕಳಿಸಿದರು. ಅಮೆರಿಕದಲ್ಲಿ ಇಂಥ ವರ್ಗಾವಣೆ ಅರ್ಜಿಗೆ ‘ನನಗೆ ದೂರ’ ಎಂಬ ಒಂದೇ ಮಾತು ಸಾಲದು. ಸಾಲ ಕೊಟ್ಟವರು, ಸಾಕ್ಷಿಗಳು, ಆಸ್ತಿ ಎಲ್ಲಿವೆ ಎಂದು ತೋರಿಸಬೇಕು. ಅದೂ ಬೇಗ. ಕೇಸು ಜಾಸ್ತಿ ಮುಂದೆ ಹೋದಮೇಲೆ ಕೇಳಿದರೆ ಒಪ್ಪಿಸುವುದು ಕಷ್ಟ.