ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ: ರಿಪೇರಿಯೋ, ಹೊಸದೋ?

ಪರ: ಮೊದಲು ಬಿಚ್ಚಿ ನೋಡಿ

ಆಟದ ನಡುವೆ ಪರದೆ ಕಪ್ಪಾಗಿ ಫ್ಯಾನು ಪೂರ್ತಿ ವೇಗದಲ್ಲಿ ಅರಚತೊಡಗಿದರೆ ‘ಕಾರ್ಡ್ ಹೋಯ್ತು’ ಎಂದು ಕೈಚೆಲ್ಲುವವರೇ ಹೆಚ್ಚು. ಎಷ್ಟೋ ಸಲ ಹೋಗಿರುವುದು ಚಿಪ್ಪಿಗೂ ಅದರ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಮಾತ್ರ. ಕಾದು ತಣಿದು, ಕಾದು ತಣಿದು ಅದು ಅಂಚಿಗೆ ಸರಿಯುತ್ತದೆ, ನಡುವೆ ಒಣಗುತ್ತದೆ. ಕಾರ್ಡಿನ ಅಳತೆ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಚಿಪ್ಪಿನ ತಾಪ, ಅದರ ಅತಿ ಬಿಸಿ ಜಾಗವಾದ ಹಾಟ್‌ಸ್ಪಾಟ್ ತಾಪ ಎರಡನ್ನೂ ನೋಡಿ. ಲೋಡ್ ಇದ್ದಾಗ ಇವುಗಳ ನಡುವೆ 10–15 ಡಿಗ್ರಿ ಅಂತರ ಸಹಜ. 30 ದಾಟಿತೆಂದರೆ ಪೇಸ್ಟಿನ ಕಥೆ ಮುಗಿದಿದೆ.

ಬಿಚ್ಚುವ ಮುನ್ನ ಕಾರ್ಡನ್ನು ಹತ್ತು ನಿಮಿಷ ಓಡಿಸಿ. ಬೆಚ್ಚಗಿದ್ದರೆ ಹಳೆಯ ಪೇಸ್ಟ್ ಸಲೀಸಾಗಿ ಬಿಡುತ್ತದೆ. ಆಮೇಲೆ ಪವರ್ ತೆಗೆದು, ಚಿಪ್ಪಿನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಒಂದೇ ಮೂಲೆ ಬಿಗಿಯಾಗಿ ಉಳಿದರೆ ಚಿಪ್ಪಿನ ಅಂಚು ಒಡೆಯಬಹುದು. ಶಾಖ ಸಾಗಿಸುವ ಮೆತ್ತನೆಯ ಥರ್ಮಲ್ ಪ್ಯಾಡಿನ ದಪ್ಪ ಅಳೆಯುವಾಗ ಒತ್ತಿಹೋದ ಭಾಗ ಬಿಟ್ಟು, ಒತ್ತಡ ಬೀಳದ ಅಂಚನ್ನು ಅಳೆಯಿರಿ. ಹೊಸ ಪ್ಯಾಡ್ ಅರ್ಧ ಮಿಲಿಮೀಟರ್ ದಪ್ಪವಾದರೂ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂರದೆ, ಪೇಸ್ಟ್ ಬದಲಿಸಿದ ಮೇಲೆ ತಾಪ ಏರಿಯೇ ಹೋಗುತ್ತದೆ.

ಸದ್ದೇ ಇಲ್ಲದೆ ಸತ್ತ ಕಾರ್ಡಿಗೂ ದಾರಿಯಿದೆ. ಅದನ್ನು ಹೊರತೆಗೆದು, ಪವರ್ ಕನೆಕ್ಟರ್ ಪಕ್ಕದ ಫ್ಯೂಸನ್ನು ಮಲ್ಟಿಮೀಟರ್‌ನಲ್ಲಿ ನೋಡಿ. ಸುಟ್ಟಿದ್ದರೆ ಬರೀ ಫ್ಯೂಸ್ ಬದಲಿಸಬೇಡಿ, ಮತ್ತೆ ಸುಡುತ್ತದೆ. ಅದರ ಆಚೆಯ 12 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ಓಮ್ ಅಳೆಯಿರಿ. ಶೂನ್ಯದ ಹತ್ತಿರ ಬಂದರೆ ಮಾಸ್ಫೆಟ್ಟೋ (ವಿದ್ಯುತ್ತನ್ನು ಹರಿಸಿ ತಡೆಯುವ ಸ್ವಿಚ್ಚು) ಕೆಪಾಸಿಟರೋ ಶಾರ್ಟ್ ಆಗಿದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಚಿಪ್ಪಿಗೆ ವಿದ್ಯುತ್ ಕೊಡುವ ಕೋರ್ ಕಾಯಿಲ್‌ನಲ್ಲಿ ಒಂದು ಓಮ್‌ಗಿಂತ ಕಡಿಮೆ ಕಂಡು ಶಾರ್ಟ್ ಎಂದುಕೊಳ್ಳುತ್ತಾರೆ. ದೊಡ್ಡ ಚಿಪ್ಪುಗಳಲ್ಲಿ ಅದು ಆರೋಗ್ಯವಾದ ಅಳತೆಯೇ.

ಶಾರ್ಟ್ ಆದ ಲೈನಿಗೆ ವೋಲ್ಟೇಜ್ ಹೊಂದಿಸಬಲ್ಲ ಬೆಂಚ್ ಸಪ್ಲೈಯಿಂದ 1 ವೋಲ್ಟ್ ಕೊಟ್ಟು ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ. ಎಲ್ಲೆಡೆ ಒದ್ದೆ ಇರುವಾಗ ಒಂದು ಕಡೆ ಮಾತ್ರ ಸರಸರ ಆರುತ್ತದಲ್ಲ, ಕಳ್ಳ ಅಲ್ಲೇ ಇದ್ದಾನೆ. 1 ವೋಲ್ಟ್ ಮೀರಬೇಡಿ: 12 ವೋಲ್ಟ್ ಲೈನಿಗೂ ಚಿಪ್ಪಿಗೂ ನಡುವಿನ ಮಾಸ್ಫೆಟ್ ಶಾರ್ಟ್ ಆಗಿದ್ದರೆ ಆ ವೋಲ್ಟೇಜ್ ನೇರವಾಗಿ ಚಿಪ್ಪಿಗೇ ಹೋಗುತ್ತದೆ.

ಅಕ್ಕಿಕಾಳಿಗಿಂತ ಚಿಕ್ಕ ಕೆಪಾಸಿಟರ್ ಒಂದು ಕೆಟ್ಟಿತೆಂದು ಇಡೀ ಬೋರ್ಡನ್ನು ಕಸಕ್ಕೆ ಹಾಕುವುದು ಅನ್ಯಾಯ. ‘ಚಿಪ್ಪೇ ಸತ್ತಿದ್ದರೆ?’ ಎನ್ನುವವರು ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಹೊಸ ಕಾರ್ಡ್ ಆರಿಸಿಟ್ಟಿರುತ್ತಾರೆ.

ವಿರೋಧ: ಚಿಪ್ಪಿನ ತೊಂದರೆಯಾದರೆ ಬಿಟ್ಟುಬಿಡಿ

ಪೇಸ್ಟ್, ಪ್ಯಾಡ್, ಫ್ಯಾನ್ ಬದಲಿಸುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ಆರೈಕೆ ಎನ್ನೋಣ. ವಾರಂಟಿ ಉಳಿದಿದ್ದರೆ ಮಾತ್ರ ಬಿಚ್ಚದೆ ಕಳಿಸುವುದು ಲೇಸು.

ತೊಡಕು ಬರುವುದು ಕಂಪ್ಯೂಟರ್ ಶುರುವಾಗುವಾಗಿನ ಬಯೋಸ್ ಪರದೆಯಲ್ಲೇ ಬಣ್ಣದ ಚೌಕಳಿ, ಗೀಟು ಕಂಡಾಗ. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇನ್ನೂ ಲೋಡ್ ಆಗಿಲ್ಲದ ಕಾರಣ ಅದನ್ನು ದೂರುವಂತಿಲ್ಲ. ಅನುಮಾನ ಮೆಮೊರಿ ಅಥವಾ ಚಿಪ್ಪಿನ ಮೇಲೆ. ಒಂದು ಜಿಡಿಡಿಆರ್6 ಮೆಮೊರಿ ಚಿಪ್ಪಿನಡಿ 180 ಬೆಸುಗೆ ಗುಂಡುಗಳಿರುತ್ತವೆ. ಸೀಸರಹಿತ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಅಕ್ಕಪಕ್ಕದ ಭಾಗ ಕದಲದಂತೆ ಅಷ್ಟು ಶಾಖ ಕೊಡಲು ಹಾಟ್ ಏರ್ ಜೊತೆಗೆ ಬೋರ್ಡಿನಡಿ ಪ್ರೀಹೀಟರ್ ಬೇಕು, ಪಳಗಿದ ಕೈಯೂ ಬೇಕು. ಒವನ್‌ನಲ್ಲಿಟ್ಟು ಬೇಯಿಸಿದರೆ ಎದ್ದು ಕೂರುವ ಕಾರ್ಡುಗಳಿವೆ, ನಿಜ. ಆದರೆ ಚಿಪ್ಪಿಗೂ ಅದರ ಕೆಳಗಿನ ತಳಹದಿಗೂ ನಡುವಿನ ಸಂಪರ್ಕ ಬಿಟ್ಟಿದ್ದರೆ ಶಾಖಕ್ಕೆ ಅದು ತಾತ್ಕಾಲಿಕವಾಗಿ ತಾಗುತ್ತದೆ, ಅಷ್ಟೇ. ಕೆಲವು ವಾರಗಳಲ್ಲಿ ಅದೇ ಚೌಕಳಿ ಮರಳುತ್ತದೆ. ಪ್ಲಾಸ್ಟಿಕ್ ಸುಟ್ಟ ಹೊಗೆ ಹಿಡಿದ ಆ ಒವನ್‌ನಲ್ಲಿ ಮತ್ತೆ ಅಡುಗೆ ಮಾಡುವಂತಿಲ್ಲ.

ಹಳೆಯ ಕಾರ್ಡಿಗೆ ಡ್ರೈವರ್ ಬೆಂಬಲವೂ ನಿಲ್ಲುತ್ತದೆ. ಎನ್ವಿಡಿಯಾದ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಪೀಳಿಗೆಗಳಿಗೆ 2025ರ ಅಕ್ಟೋಬರ್ ನಂತರ ಭದ್ರತೆಯ ಅಪ್‌ಡೇಟ್‌ಗಳಷ್ಟೇ.

ಆದರೂ ಹೊಸದು ತರುವ ಮುನ್ನ ಹಳೆಯದನ್ನು ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಲೇಬೇಕು. ತಪ್ಪು ಪವರ್ ಸಪ್ಲೈಯದ್ದೂ ಇರಬಹುದು. ಜೊತೆಗೆ ಕ್ಯಾಬಿನೆಟ್ಟಿನ ಒಳ ಉದ್ದ ಅಳೆದುಕೊಳ್ಳಿ, ಪವರ್ ಸಪ್ಲೈನಲ್ಲಿ ಎಷ್ಟು 8-ಪಿನ್ ಕೇಬಲ್ ಇವೆ ಎಣಿಸಿ. ಸ್ಲಾಟ್ ಕೊಡುವುದು 75 ವ್ಯಾಟ್, ಒಂದು 8-ಪಿನ್ ಕೇಬಲ್ 150. ಮಿಕ್ಕದ್ದಕ್ಕೆ ಬೇರೆ ಕೇಬಲ್ಲೇ ಬೇಕು.